ಹೆರಿಗೆ ವಾರ್ಡಿಗೆ ಛತ್ರಿ ಯಾಕೆ?

ಸಂಕ್ರಾಂತಿ ಹೊತ್ತಿನಲ್ಲಿ ಛತ್ರಿ ಹಿಡಿದು ಕೂತವರನ್ನು ಎಲ್ಲಾದರೂ ನೋಡಿದ್ದೀರಾ? ಮಳೆಯಿಲ್ಲ, ಸುಡುವ ಬಿಸಿಲೂ ಇಲ್ಲ. ನಾನು ಹೋದ ತಿಂಗಳು ನೋಡಿದೆ. ಭದ್ರಾವತಿಯ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ. ಒಂದೊಂದು ಮಂಚಕ್ಕೂ ಒಬ್ಬ ಅಜ್ಜಿ, ಒಬ್ಬೊಬ್ಬ ಅಜ್ಜಿಗೂ ಒಂದು ಛತ್ರಿ.

ಅವರಲ್ಲೊಬ್ಬಳು ನನ್ನಮ್ಮ.

ತಂಗಿ ಗಿರಿಜೆ ಚೊಚ್ಚಲ ಬಸುರಿ. ಶಿವಮೊಗ್ಗದ ಕೋಟೆ ಬೀದಿಯಲ್ಲಿರುವ ನಮ್ಮ ಮನೆಗೆ ಕರೆತರಲು ಒಳ್ಳೆಯ ದಿನ ನೋಡಿಯಾಗಿತ್ತು. ಅಷ್ಟರೊಳಗೆ ಭದ್ರಾವತಿ ನ್ಯೂ ಟೌನಿನ ಗಂಡನ ಮನೆಯಲ್ಲೇ ಬೇನೆ ಬಂತು. ತಿಂಗಳು ತುಂಬದ ಗಂಡು ಮಗು. ಡಾಕ್ಟರು ವಾರ್ಡಿನ ಮೂಲೆಯಲ್ಲಿದ್ದ ಒಂದು ಮರದ ಪೆಟ್ಟಿಗೆಯಲ್ಲಿ ಹತ್ತಿ ಹಾಸಿ, ಒಳಗೊಂದು ಬಲ್ಬು ಉರಿಸಿ, ಮಗುವನ್ನು ಮಲಗಿಸಿದರು. "ಕಾವು ತಪ್ಪಬಾರದು. ಕಾವಿದ್ರೆ ಉಳಿಯುತ್ತೆ" ಅಂದರು. ಅಷ್ಟೇ ಮಾತು.

ಇನ್ನು ಆಸ್ಪತ್ರೆಯ ಕರೆಂಟಿನ ಕಥೆ. ಈ ಸಲ ಮಳೆ ಕಮ್ಮಿ, ಕರೆಂಟ್ ಉಳಿಸಿ ಅಂತ ಎಲ್ಲ ಕಡೆ ಹೇಳುತ್ತಿದ್ದಾರಲ್ಲ, ಇಲ್ಲಿನ ಸೂಪರಿಂಟೆಂಡೆಂಟ್ ಅದನ್ನು ಮನಸ್ಸಿಗೆ ಹಚ್ಚಿಕೊಂಡರು. (ಸಜ್ಜನರು. ತಮ್ಮ ರೂಮಿನಲ್ಲೂ ಹಗಲು ದೀಪ ಹಾಕಿಸುವುದಿಲ್ಲ.) ಬಂದವರೆಲ್ಲ ಸ್ವಿಚ್ ಹಾಕುತ್ತಾರೆ, ಆರಿಸದೆ ಹೋಗುತ್ತಾರೆ ಅಂತ ಫ್ಯಾನಿಗೆ, ದೀಪಕ್ಕೆ ಇದ್ದ ಬೇರೆ ಬೇರೆ ಸ್ವಿಚ್ಚುಗಳನ್ನು ಕೀಳಿಸಿದರು. ಇಡೀ ವಾರ್ಡಿಗೆ ಒಂದೇ ಸ್ವಿಚ್. ಅದೂ ಕೈಗೆಟುಕದ ಎತ್ತರದಲ್ಲಿ. ಆಯಾ ಸ್ಟೂಲ್ ಹತ್ತಿ ಒಂದು ಸಲ ಆರಿಸಿದರೆ ಎಲ್ಲವೂ ಬಂದ್. ಭಾರೀ ಉಳಿತಾಯ.

ಆದರೆ ಪೆಟ್ಟಿಗೆಯ ಬಲ್ಬು ಯಾವಾಗಲೂ ಉರಿಯಬೇಕಲ್ಲ? ಉರಿಯಿತು. ಅದರ ಜೊತೆಗೆ ಫ್ಯಾನೂ ತಿರುಗಿತು. ಥಂಡಿಯ ದಿನಗಳಲ್ಲಿ, ಬಾಣಂತಿಯರ ತಲೆಯ ಮೇಲೆ.

ಬಾಣಂತಿಗೆ ಗಾಳಿ ಅಂದರೆ ನಮ್ಮ ಕಡೆ ಯಾವ ತಾಯಿ ಸುಮ್ಮನಿರುತ್ತಾಳೆ? ಗಿರಿಜೆಯ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ. (ನರ್ಸಮ್ಮ ಅದನ್ನು ಕಂಡೂ ಕಾಣದಂತಿದ್ದರು.) ಮೇಲೆ ಆಸ್ಪತ್ರೆಯ ಕರೆಂಟು ತಂಪು ಮಾಡುತ್ತಿತ್ತು, ಕೆಳಗೆ ಗಿರಿಜೆಯ ಗಂಡ ತಂದ ಇದ್ದಲು ಬಿಸಿ ಮಾಡುತ್ತಿತ್ತು. ನಡುವೆ ಮಲಗಿದವಳಿಗೆ ಎರಡೂ ದಕ್ಕಲಿಲ್ಲ.

ಛತ್ರಿಯ ಉಪಾಯ ಪಕ್ಕದ ಮಂಚದ ತಮಿಳು ಅಜ್ಜಿಯದು. ತುದಿಯಿಂದ ಮೇಲಕ್ಕೆ ತಳ್ಳಿದರೆ ಸ್ವಿಚ್ ಆರುತ್ತದೆ. ನರ್ಸಮ್ಮನ ಬೂಟಿನ ಸದ್ದು ಕೇಳಿದ ಕೂಡಲೇ ಹಿಡಿಯ ಕೊಕ್ಕೆಯಿಂದ ಕೆಳಕ್ಕೆಳೆದರೆ ಹತ್ತುತ್ತದೆ. ಅಮ್ಮನಿಗೆ ತಮಿಳು ಬಾರದು, ಆ ಅಜ್ಜಿಗೆ ಕನ್ನಡ ಅಷ್ಟಕ್ಕಷ್ಟೆ. ಫ್ಯಾನಿನ ವಿಷಯಕ್ಕೆ ಮಾತು ಬೇಕೇ ಆಗಲಿಲ್ಲ.

ಇತ್ತ ಮಗುವಿನ ಕಾಲು ಮುಟ್ಟಿದಾಗೆಲ್ಲ ತಣ್ಣಗೆ. ಹಾಲು ಚೀಪುವುದೂ ಕಮ್ಮಿಯಾಯಿತು. "ಪದೇ ಪದೇ ಕರೆಂಟ್ ಹೋಗುತ್ತೆ, ಏನ್ಮಾಡೋದು?" ಅಂತ ನರ್ಸಮ್ಮ. "ಈ ಹಾಳು ಕರೆಂಟು ನನ್ನ ಮೊಮ್ಮಗನ್ನ ಉಳಿಸಲ್ಲ" ಅಂತ ಅಮ್ಮ. ಛತ್ರಿ ಮಡಿಲಲ್ಲೇ ಇತ್ತು.

ನಾನು ಹೋದ ದಿನ ಗಿರಿಜೆ ಮೊದಲ ಸಲ ದಿಂಬಿಗೊರಗಿ ಕೂತಿದ್ದಳು. ಅಮ್ಮನ ಬೆನ್ನ ಹಿಂದಿನ ಮೂಲೆಯ ಪೆಟ್ಟಿಗೆ ಈಗ ಗಿರಿಜೆಯ ಕಣ್ಣಿಗೆ ಕಾಣುತ್ತಿತ್ತು. ಅಮ್ಮ ಎದ್ದು ಛತ್ರಿ ಎತ್ತಿದಳು. ಫ್ಯಾನ್ ನಿಂತಿತು.

"ಅಮ್ಮ, ಪೆಟ್ಟಿಗೇಲಿ ದೀಪ ಹೋಯ್ತು."

"ಕರೆಂಟ್ ಹೋಗಿರ್ಬೇಕು ಕಣೇ."

"ಕರೆಂಟ್ ಎಲ್ಲಿ ಹೋಯ್ತು? ನೀನೇ ಈಗ ಆರಿಸಿದ್ಯಲ್ಲ."

ಅಮ್ಮ ಫ್ಯಾನ್ ನೋಡಿದಳು, ಪೆಟ್ಟಿಗೆ ನೋಡಿದಳು. ಛತ್ರಿ ಕೈಯಿಂದ ಬಿತ್ತು. ಮಗುವನ್ನೆತ್ತಿ ಎದೆಗವಚಿಕೊಂಡು, ಸೆರಗು ಮುಚ್ಚಿ ನೆಲದ ಮೇಲೆ ಕೂತುಬಿಟ್ಟಳು. ನಾನು ಛತ್ರಿ ತಗೊಂಡು ಸ್ವಿಚ್ ಹಾಕಿದೆ.

ಓಡಿ ಬಂದ ನರ್ಸಮ್ಮ ರೇಗಿದರು. "ಏನಮ್ಮಾ, ಮಗೂನ ಕೊಲ್ತಿದ್ರಲ್ಲ."

ಅಮ್ಮ ತಲೆಯೆತ್ತಿದಳು. "ಗಾಳಿಗೂ ಕಾವಿಗೂ ಒಂದೇ ಸ್ವಿಚ್ ಇಟ್ಟೋರು ಯಾರಮ್ಮ? ನಾನಾ?"

ನರ್ಸಮ್ಮ ಮಗುವನ್ನು ಇಸಿದುಕೊಂಡು ಪೆಟ್ಟಿಗೆಯಲ್ಲಿ ಮಲಗಿಸಿದರು. ನಾನು ಸೂಪರಿಂಟೆಂಡೆಂಟರ ಹತ್ತಿರ ಹೋಗಿ, ಬಲ್ಬಿಗೊಂದು ಬೇರೆ ಸ್ವಿಚ್ ಹಾಕಿಸಿ ಸಾರ್ ಅಂದೆ.

"ಇದ್ದ ಸ್ವಿಚ್ಚೆಲ್ಲ ಈಗ ತಾನೇ ಕೀಳಿಸಿದೀವಿ. ಮತ್ತೆ ಹಾಕ್ಸಿದ್ರೆ ಉಳಿತಾಯ ಎಲ್ಲಿ ಬಂತು ಸ್ವಾಮಿ?" ಅಂದರು. ಆದರೂ ವಿಚಾರ ಗಂಭೀರ, ಕ್ರಮ ತಗೋತೀವಿ ಅಂತ ಮಾತು ಕೊಟ್ಟರು.

ಅಂದಿನಿಂದ ಅಮ್ಮ ಪೆಟ್ಟಿಗೆಯ ಪಕ್ಕದಲ್ಲೇ ಕಾವಲು ಕೂತಳು. ಗಿರಿಜೆಯ ತಲೆಗೆ ಇನ್ನೊಂದು ಶಾಲು ಸುತ್ತಿದಳು, ಫ್ಯಾನಿನ ತಂಟೆಗೆ ಹೋಗಲಿಲ್ಲ, ಬೇರೆ ಅಜ್ಜಿಯರನ್ನೂ ಹೋಗಗೊಡಲಿಲ್ಲ. ಮಗು ಚೇತರಿಸಿಕೊಂಡಿತು. ಆಮೇಲಾಮೇಲೆ ಅದು ಅತ್ತರೆ ಪಕ್ಕದ ವಾರ್ಡಿನವರೂ ಏಳುತ್ತಿದ್ದರು.

ಮೊನ್ನೆ ತಾಯಿ ಮಗುವನ್ನು ಕರೆತರಲು ಹೋಗಿದ್ದೆ. ಕ್ರಮ ತಗೊಂಡಿದ್ದರು. ಬಾಗಿಲಲ್ಲಿ ನೋಟೀಸ್: 'ವಾರ್ಡಿನೊಳಗೆ ಛತ್ರಿ ತರಕೂಡದು.' ಛತ್ರಿಗಳೆಲ್ಲ ವರಾಂಡದ ಸರಳಿಗೆ ನೇತುಬಿದ್ದಿದ್ದವು. ಒಳಗೆ ಅದೇ ಒಂದು ಸ್ವಿಚ್, ಅದೇ ಫ್ಯಾನು ತಿರುಗುತ್ತಿತ್ತು. ಪೆಟ್ಟಿಗೆಯಲ್ಲಿ ಆಗಲೇ ಬೇರೊಂದು ಮಗು ಮಲಗಿತ್ತು.

ಅದರ ಅಜ್ಜಿ ಫ್ಯಾನನ್ನೇ ದುರುಗುಟ್ಟಿ ನೋಡುತ್ತಾ ಎದ್ದು ನಿಂತರು. ಕೈಯಲ್ಲಿ ಉದ್ದನೆಯ ಊರುಗೋಲು. ಅಮ್ಮ ಹೋಗಿ ಅವರ ಕೈ ಹಿಡಿದಳು. ಮೊದಲು ಪೆಟ್ಟಿಗೆ ತೋರಿಸಿದಳು, ಆಮೇಲೆ ಸ್ವಿಚ್ ತೋರಿಸಿದಳು. ಅಜ್ಜಿ ಕೋಲು ಕೆಳಗಿಟ್ಟು ಕೂತರು.

ನಾಳೆ ಬರುವ ಅಜ್ಜಿಗೆ ಯಾರು ತೋರಿಸುತ್ತಾರೆ ಸ್ವಾಮಿ, ಆ ನೋಟೀಸೇ?