ಬೆಕ್ಕಿನ ಬಾಗಿಲು

ಬಸವನಗುಡಿಯಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಆಂಟಿ ಯಾವುದನ್ನೂ ಬರೀ ಕೇಳಿ ನಂಬುತ್ತಿರಲಿಲ್ಲ. ಕನ್ನಡಕವನ್ನು ತಲೆಯ ಮೇಲಕ್ಕೆ ಏರಿಸಿಕೊಂಡು, “ಮಾಡಿ ನೋಡಿದ್ರೆ ತಾನೇ ಗೊತ್ತಾಗೋದು?” ಎನ್ನುತ್ತಿದ್ದರು.

ಬೆಕ್ಕು ಓಡಾಡಲೆಂದು ಅವರು ಬಾಲ್ಕನಿಯ ಗಾಜಿನ ಬಾಗಿಲನ್ನು ಸ್ವಲ್ಪ ಸರಿಸಿಯೇ ಇಡುತ್ತಿದ್ದರು. ಒಂದು ಮಧ್ಯಾಹ್ನ ಆ ಸಂದಿನಿಂದಲೇ ಕಳ್ಳ ನುಗ್ಗಿ ಲ್ಯಾಪ್‌ಟಾಪ್ ಒಯ್ದ. ಬೆಕ್ಕನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದು ಅವರ ಯಜಮಾನರು ಹಟ ಹಿಡಿದರು. ಆಂಟಿ ಒಪ್ಪಲಿಲ್ಲ. ಸಂದಿಗೆ ಸರಿಯಾಗಿ ಕೂರುವ ಉದ್ದನೆಯ ಪ್ಯಾನೆಲ್ ಹಾಕಿಸಿ, ಅದರ ಬುಡದಲ್ಲಿ ಬೆಕ್ಕು ತಳ್ಳಿಕೊಂಡು ಬರುವಂಥ ಪುಟ್ಟ ಕದ ಇಡಿಸಿದರು. ಬಾಗಿಲಿಗೆ, ಒಳಗಿನಿಂದ ಕೈಯಲ್ಲೇ ತಿರುಗಿಸುವಂಥ ಹೊಸ ಬೀಗವೂ ಬಂತು.

ಆಮೇಲೆ ನನ್ನನ್ನು ಕರೆದು ಬಾಲ್ಕನಿಗೆ ಕಳಿಸಿ, ಒಳಗಿನಿಂದ ಬೀಗ ಹಾಕಿದರು. “ಈಗ ನೀನೇ ಕಳ್ಳಿ ಕಣಮ್ಮ. ಕೈ ಹಾಕಿ ತೆಗಿ, ನೋಡೋಣ!”

ಮಂಡಿಯೂರಿ ಬೆಕ್ಕಿನ ಕದದೊಳಗೆ ತೋಳು ತೂರಿಸಿದೆ. ಬೀಗ ಬೆರಳಿಗೆ ಸಿಕ್ಕಿತು. ತಿರುಗಿಸಿದರೆ ಬಾಗಿಲು ತೆರೆದೇಬಿಟ್ಟಿತು. ನಾನು ಪೆಚ್ಚಾದೆ. ಆಂಟಿ ಚಪ್ಪಾಳೆ ತಟ್ಟಿದರು. “ಸದ್ಯ, ಕಳ್ಳನಿಗಿಂತ ಮೊದ್ಲು ನೀನು ಬಂದೆ!”

ಬೀಗವನ್ನು ಬಾಗಿಲಿನ ಮೇಲಂಚಿಗೆ ಹಾಕಿಸಿ ಮತ್ತೆ ಕರೆದರು. ಈ ಸಲ ಭುಜದವರೆಗೆ ತೂರಿಸಿದರೂ ಎಟುಕಲಿಲ್ಲ. ಅಷ್ಟರಲ್ಲಿ, ಅದುವರೆಗೆ ಆ ಕದದ ಹತ್ತಿರವೂ ಸುಳಿಯದಿದ್ದ ಬೆಕ್ಕು ನನ್ನ ಬೆರಳು ಮೂಸತೊಡಗಿತು. “ಮೆಲ್ಲಗೆ ಕೈ ಎಳ್ಕೋ,” ಎಂದು ಆಂಟಿ ಪಿಸುಗುಟ್ಟಿದರು. ಕೈ ಹಿಂದೆ ಸರಿದಂತೆ ಬೆಕ್ಕೂ ಅದರ ಬೆನ್ನಿಗೇ ಕದ ತಳ್ಳಿಕೊಂಡು ಹೊರಗೆ ಬಂತು.

ಅದೇ ಕಿಂಡಿಯಲ್ಲಿ ಆಂಟಿಯ ಮುಖ ಇಣುಕಿತು. ನೆಲದ ಮೇಲೆ ಮಲಗಿಬಿಟ್ಟಿದ್ದರು.

“ಬೆಕ್ಕಿಗೆ ಇಲ್ಲಿಂದ ಹೊರಗಡೆ ಹೇಗೆ ಕಾಣುತ್ತೆ ಅಂತ ನೋಡ್ತಿದೀನಿ,” ಎಂದರು.