ಬಜೆ ಬೇರಿಗೆ ಲೈಸೆನ್ಸ್ ಇಲ್ಲ

ಲೈಸೆನ್ಸ್ ಎಂಬ ಮಾತು ಬಿದ್ದರೆ ನನ್ನ ಕಾಲು ಇವತ್ತಿಗೂ ಓಡಲು ತಯಾರಾಗುತ್ತದೆ. ಮಂಡಿ ಸವೆದಿದೆ ಎಂಬುದು ಆಮೇಲೆ ನೆನಪಾಗುತ್ತದೆ. ಕಲಂಗುಟ್ ಕಡಲ ದಂಡೆಯ ಮೇಲೆ ಮಣಿಸರ, ಗೆಜ್ಜೆ ಮಾರುತ್ತಲೇ ಮುದುಕಿಯಾದವಳು ನಾನು. ಪೊಲೀಸರು ಬಂದು "ಲೈಸೆನ್ಸ್ ಖಂಯ್ ಆಸಾ?", ಅಂದರೆ ಎಲ್ಲಿದೆ, ಎಂದು ಕೇಳುವ ಹೊತ್ತಿಗೆ ನಾವು ಹೆಂಗಸರೆಲ್ಲ ಗಂಟು ಬಗಲಿಗಿಟ್ಟು ದಂಡೆಯ ಚಪ್ಪರದ ಹೋಟೆಲು ಶ್ಯಾಕುಗಳ ಹಿಂದೆ ಕುಳಿತು ಎಲೆ ಅಡಿಕೆ ಹಾಕುತ್ತಿದ್ದೆವು. ಉಸುಕು ಅಂಗಾಲು ಸುಡುತ್ತಿತ್ತು. ಸುಖದ ದಿನಗಳೇನಲ್ಲ. ಆದರೂ ಈಗ ಕಟ್ಟೆಯ ಮೇಲೆ ಕುಳಿತರೆ ಆ ಉಸುಕೇ ನೆನಪಾಗುತ್ತದೆ.

ಗಿರಾಕಿಗಳ ಭಾಷೆ ನನಗೆ ಬಾರದು, ನನ್ನದು ಅವರಿಗೆ ಬಾರದು. ಕೈಯಲ್ಲೇ ಕರೆಯುವುದು, ಕೈಯಲ್ಲೇ ಚೌಕಾಶಿ, ಅವರು ಬೆನ್ನು ತಿರುಗಿಸಿದ ಮೇಲೆ ಕೈಯಲ್ಲೇ ಬೈಗುಳ. ಆ ಚಾಳಿ ಮನೆಗೂ ಬಂತು. ಊಟಕ್ಕೆ ಬಾ ಎನ್ನಲೂ ನನ್ನ ಕೈ ಬಾಯಿಗಿಂತ ಮುಂಚೆ ಏಳುತ್ತದೆ.

ನನಗೆ ಇನ್ನೊಂದು ಕಸುಬೂ ಇತ್ತು. ನಮ್ಮ ಸಾಲುಮನೆಗಳ ಚಾಳಿನಲ್ಲಿ ಯಾವ ಕೂಸಿಗೆ ಮಾತು ತಡವಾದರೂ ನನ್ನ ಹತ್ತಿರ ತರುತ್ತಿದ್ದರು. ಬಜೆ ಬೇರನ್ನು ಜೇನಿನಲ್ಲಿ ತೇಯ್ದು ನಾಲಿಗೆಗೆ ಹಚ್ಚಬೇಕು. ಹಚ್ಚುವವಳು ಬಾಯಿಬಡಕಿಯಾಗಿರಬೇಕು, ಅವಳ ಮಾತು ಕೂಸಿಗೆ ಹತ್ತುತ್ತದೆ ಎಂದು ನಮ್ಮವರ ನಂಬಿಕೆ. ಆ ಅರ್ಹತೆ ನನಗಿತ್ತೆಂದು ಇಡೀ ಚಾಳು ಒಪ್ಪಿತ್ತು. ಕೂಸುಗಳು ಮಾತಾಡಿದವು. ಹಚ್ಚದಿದ್ದರೂ ಮಾತಾಡುತ್ತಿದ್ದವೋ ಏನೋ, ಅದನ್ನು ಯಾರು ನೋಡಿದ್ದಾರೆ.

ಮಗಳು ಕಸ್ತೂರಿಯ ಕೂಸು ನೀಲಾಗೆ ಎರಡು ವರ್ಷ ತುಂಬಿದರೂ ಒಂದು ಮಾತಿಲ್ಲ. ಕಸ್ತೂರಿ ಹೋಟೆಲಿನ ಬಟ್ಟೆ ಒಗೆಯಲು ಹೋಗುತ್ತಾಳೆ, ಕೂಸು ಹಗಲೆಲ್ಲ ನನ್ನ ಹತ್ತಿರ. "ದವಾಖಾನಿಗೆ ತೋರಸೋಣು" ಎಂದಳು. "ನಾ ಸತ್ತೇನೇನ? ಎಷ್ಟು ಕೂಸಿಗೆ ಮಾತು ಬರ್ಸೇನಿ" ಎಂದೆ. ಆರು ತಿಂಗಳು ಬಜೆ ಹಚ್ಚಿದೆ. ನೀಲಾ ಜೇನು ಚಪ್ಪರಿಸಿದಳು, ಮಾತಾಡಲಿಲ್ಲ. ಕೊನೆಗೆ ಕಸ್ತೂರಿ ನನ್ನನ್ನು ಕೇಳದೆ ಕೂಸನ್ನು ಎತ್ತಿಕೊಂಡು ದವಾಖಾನೆಗೆ ಹೊರಟಳು. ನಾನೂ ಹಿಂದೆ ಹೋದೆ, ಜಗಳಕ್ಕೆ ಬೇಕಾದೀತೆಂದು.

ಕಿವಿ ಮತ್ತು ಮಾತಿನ ಪರೀಕ್ಷೆ ಮಾಡುವವಳು ಧಾರವಾಡ ಕಡೆಯ ಹುಡುಗಿ. ನನ್ನ ಕಸ್ತೂರಿಗಿಂತ ಚಿಕ್ಕವಳಂತೆ ಕಂಡಳು. ಜೀವಮಾನವೆಲ್ಲ ಕೇಳಿಸಿಕೊಂಡ ಪ್ರಶ್ನೆಯನ್ನು ಒಮ್ಮೆ ನಾನೂ ಕೇಳಿ ನೋಡೋಣ ಅನಿಸಿತು.

"ನಿನ್ನ ಲೈಸೆನ್ಸ್ ಎಲ್ಲೈತವಾ?"

ಕಸ್ತೂರಿ ತಲೆ ತಗ್ಗಿಸಿದಳು. ಹುಡುಗಿ ನಕ್ಕು ಗೋಡೆಗೆ ತೂಗುಹಾಕಿದ ಸರ್ಟಿಫಿಕೇಟು ತೋರಿಸಿದಳು. "ಚಲೋ ಕೇಳಿದ್ರಿ ಅಜ್ಜಿ. ಎಲ್ಲಾರೂ ಕೇಳಬೇಕ್ರಿ ಇದನ್ನ." ನಾನು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಕತ್ತಲಾದೀತೆಂದು ಅವಳೇ ಓದಿ ಹೇಳಿದಳು. ಕಾಲೇಜು ಓದಿ, ದೊಡ್ಡವರ ಕೈಕೆಳಗೆ ದುಡಿದು, ಸರ್ಕಾರದ ಪಟ್ಟಿಯಲ್ಲಿ ಹೆಸರು ಬರೆಸಬೇಕಂತೆ. ಅಷ್ಟಕ್ಕೇ ಮುಗಿಯಲಿಲ್ಲ. ಕೆಲವು ವರ್ಷಕ್ಕೊಮ್ಮೆ ಹೊಸದೇನು ಕಲಿತೆ ಎಂದು ತೋರಿಸಿದರಷ್ಟೇ ಆ ಹೆಸರು ಉಳಿಯುತ್ತದಂತೆ.

ಆಮೇಲೆ ಅವಳ ಸರದಿ. "ಹಿಂದಿನಿಂದ ಕರೆದ್ರ ತಿರಗ್ತಾಳೇನ್ರಿ?"

"ಕರದ್ರ ಓಡಿ ಬರ್ತಾಳ."

"ಹೆಂಗ್ ಕರೀತೀರಿ? ಮಾಡಿ ತೋರಸ್ರಿ."

ನನ್ನ ಕೈ ಮೇಲೆದ್ದಿತು. ಐದು ಬೆರಳು ಮಡಚಿ ಬಿಚ್ಚಿ, ದಂಡೆಯ ಮೇಲೆ ಗಿರಾಕಿಯನ್ನು ಕರೆಯುವ ಹಾಗೆ. ನೀಲಾ ಆಟಿಕೆ ಬಿಟ್ಟು ನನ್ನ ಹತ್ತಿರ ಓಡಿ ಬಂದಳು. ಕೈ ಅಲ್ಲೇ ನಿಂತಿತು. ಹುಡುಗಿ ಕೂಸಿನ ಬೆನ್ನ ಹಿಂದೆ ಡಬ್ಬಿ ಬಡಿದಳು. ನಾನು ಬೆಚ್ಚಿದೆ, ಕಸ್ತೂರಿ ಬೆಚ್ಚಿದಳು. ನೀಲಾ ನನ್ನ ಸರದ ಮಣಿ ಒಂದೊಂದಾಗಿ ಉರುಳಿಸುತ್ತಿದ್ದಳು.

ಕಿವಿ ಕೇಳದ ಕೂಸಿನ ನಾಲಿಗೆಗೆ ಆರು ತಿಂಗಳು ಜೇನು ಹಚ್ಚಿದ್ದೆ. ಮಾತು ಕಲಿಯುವ ವಯಸ್ಸಿನ ಆರು ತಿಂಗಳು. "ಹೋತೇನವಾ ಕೆಲಸ?" ಎಂದೆ. "ತಡ ಆಗೇತ್ರಿ, ಹೋಗಿಲ್ಲ" ಎಂದಳು ಹುಡುಗಿ. ದಾರಿಯಲ್ಲಿ ಕಸ್ತೂರಿ ಬೈದಿದ್ದರೆ ಚಲೋ ಇತ್ತು.

ಈಗ ನೀಲಾ ಕಿವಿಯ ಹಿಂದೆ ಯಂತ್ರ ಹಾಕಿಕೊಂಡು ವಾರಕ್ಕೆ ಎರಡು ಸಲ ಆ ಹುಡುಗಿಯ ಹತ್ತಿರ ಹೋಗುತ್ತಾಳೆ. ಕುಕ್ಕರ್ ಕೂಗಿದರೆ ತಿರುಗುತ್ತಾಳೆ. ಮೂರು ಮಾತು ಬಂದಿವೆ, ಅದರಲ್ಲೊಂದು "ಬ್ಯಾಡ". ಅದು ನನ್ನಿಂದಲೇ ಹತ್ತಿದ್ದೆಂದು ಚಾಳಿನವರು ಹೇಳುತ್ತಾರೆ. ಮನೆಯಲ್ಲಿ ಮಾತಿನಲ್ಲೇ ಕರೆಯಬೇಕೆಂದು ಹುಡುಗಿ ಹೇಳಿದ್ದಾಳೆ, ಅದಕ್ಕೆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕರೆಯುತ್ತೇನೆ.

ಮೊನ್ನೆ ಪಕ್ಕದ ಓಣಿಯಿಂದ ಒಬ್ಬಳು ಕೂಸನ್ನು ಎತ್ತಿಕೊಂಡು ಬಂದಳು. "ಯವ್ವಾ, ಸ್ವಲ್ಪ ಬಜಿ ಹಚ್ಚು." ಬೇರು ಟ್ರಂಕಿನಲ್ಲೇ ಇದೆ. ವಾಸನೆ ಇನ್ನೂ ಹೋಗಿಲ್ಲ, ತೆರೆದರೆ ಹಳೆಯ ಕೂಸುಗಳೆಲ್ಲ ಮುಂದೆ ಬಂದು ನಿಲ್ಲುತ್ತವೆ. ನಲವತ್ತು ವರ್ಷ ಅದೇ ಬೇರು ತೇಯ್ದೆ, ನಡುವೆ ಹೊಸದೇನು ಕಲಿತೆ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳಿದರೆ ಈಗ ಹೇಳಲು ಒಂದು ಇದೆ. ಎದ್ದು ಕೂಸಿನ ಬೆನ್ನ ಹಿಂದೆ ಹೋಗಿ ನಿಂತು, ತಾಟು ಬಡಿದೆ.