ಮಿಥ್ರಾಸನ ಎದುರು ಮೀನು ಸಾರು

ನಮ್ಮ ಮನೆಯಲ್ಲಿ ಮೀನು ನಿಂತುಹೋದದ್ದು ಒಬ್ಬ ರೋಮನ್ ದೇವರಿಂದ. ಹೇಳಿದರೆ ಈಗಲೂ ಯಾರೂ ನಂಬುವುದಿಲ್ಲ.

೧೯೯೦ರ ಬೇಸಿಗೆ. ಕುವೈತಿನ ಅಬು ಹಲೀಫಾದಲ್ಲಿ ನಮ್ಮ ಫ್ಲಾಟು. ನಾನು ಡ್ರಾಫ್ಟ್ಸ್‌ಮನ್. ಆಫೀಸಿನ ಇಂಗ್ಲಿಷ್ ಸಾಹೇಬರಿಗೆ ಹಳೇ ಕಲ್ಲುಗಳ ಹುಚ್ಚು. ರಜೆಗೆ ಹೊರಟವರು ಒಂದು ಭಾರೀ ಪ್ಲಾಸ್ಟರ್ ಫಲಕವನ್ನು ನಮ್ಮ ಮನೆಯಲ್ಲಿ ಇಳಿಸಿ, ಬರುವ ತನಕ ಜೋಪಾನ ಎಂದರು. ಅವರ ಊರಿನ ಹತ್ತಿರ ನೆಲ ಅಗೆದಾಗ ಸಿಕ್ಕ ಮಿಥ್ರಾಸ್ ಎಂಬ ದೇವರ ಕಲ್ಲಿನ ಅಚ್ಚು ಅದು. ರೋಮನ್ ಸೈನಿಕರು ಪೂಜಿಸುತ್ತಿದ್ದ ದೇವರಂತೆ. ಟೋಪಿ ಹಾಕಿದ ಯುವಕ ಹೋರಿಯ ಬೆನ್ನ ಮೇಲೆ ಮಂಡಿಯೂರಿ ಚೂರಿ ಹಾಕುತ್ತಿದ್ದಾನೆ, ಮುಖ ಮಾತ್ರ ಆಚೆ ತಿರುಗಿಸಿದ್ದಾನೆ. ನಾಯಿ ರಕ್ತಕ್ಕೆ ಬಾಯಿ ಹಾಕಿದೆ. ಚೇಳೊಂದು ಹೋರಿಯ ಹೇಳಬಾರದ ಜಾಗ ಹಿಡಿದಿದೆ. ಕೆಳಗೊಂದು ಹಾವು.

ಹೆಂಡತಿಯ ಕಣ್ಣು ಹಾವಿನ ಮೇಲೇ ನಿಂತಿತು.

"ಹೋರಿ ಕೊಲ್ಲುದು ಅವರ ದೇವರ ವಿಷಯ. ಆದ್ರೆ ಇದ್ರಲ್ಲಿ ನಾಗ ಉಂಟಲ್ಲ! ನಾಗ ಇದ್ದಲ್ಲಿ ಮೀನು ಮೈಲಿಗೆ. ಇನ್ನು ಈ ಮನೆಯಲ್ಲಿ ಮೀನು ಇಲ್ಲ."

"ಅದು ರೋಮಿನ ಹಾವು ಮಾರಾಯ್ತಿ!"

"ನಾಗನಿಗೆ ಎಂಥ ಇಕಾಮಾ? ಎಲ್ಲಿದ್ರೂ ನಾಗ ನಾಗನೇ."

ಕುವೈತಿನಲ್ಲಿ ಇರಲು ನಮಗೆಲ್ಲ ಇಕಾಮಾ ಎಂಬ ಪರವಾನಗಿ ಬೇಕು, ನಾಗನಿಗೆ ಬೇಡ. ಅಲ್ಲಿಗೆ ವಾದ ಖಲಾಸ್.

ಕಿಟಕಿ ತೆರೆದರೆ ಸಮುದ್ರ, ಪೇಟೆಯಲ್ಲಿ ಹೊಳೆಯುವ ಮಾಂಜಿ ಮೀನು, ನನ್ನ ಬಟ್ಟಲಲ್ಲಿ ಬೇಳೆ ಸಾರು. ತಡೆಯಲಾರದೆ ಕಾವಲುಗಾರನ ಕೈಕಾಲು ಹಿಡಿದು ಫಲಕವನ್ನು ಕಟ್ಟಡದ ನೆಲಮಾಳಿಗೆಗೆ ಸಾಗಿಸಿದೆ, ಗೆದ್ದವನಂತೆ ಮೀನು ತಂದೆ.

"ನಾಗನನ್ನು ಕೆಳಗಿಟ್ಟು ಅವನ ತಲೆಯ ಮೇಲೆ ಮೀನು ಬೇಯಿಸುದಾ?" ಎಂದಳು. ಮೀನು ಪಕ್ಕದ ಮನೆಗೆ ಹೋಯಿತು. ನನಗೆ ಅಳುವೇ ಬಂತು.

ಆಗಸ್ಟಿನಲ್ಲಿ ಇರಾಕಿನ ಸೈನ್ಯ ನುಗ್ಗಿತು. ಗುಂಡಿನ ಸದ್ದು ಹತ್ತಿರವಾದಾಗ ಇಡೀ ಕಟ್ಟಡವೇ ನೆಲಮಾಳಿಗೆಗೆ ಇಳಿಯಿತು. ಎರಡೂ ಗೋಡೆಗಳಿಗೆ ಒರಗಿ, ಸಿಕ್ಕ ಹಲಗೆ ಪೆಟ್ಟಿಗೆಗಳ ಮೇಲೆ ಎದುರುಬದುರು ಕುಳಿತೆವು. ತುದಿಯಲ್ಲಿ ಮಿಥ್ರಾಸ್. ಪಕ್ಕದ ಮನೆಯ ಮಲಯಾಳಿ ಅಕ್ಕ ಗಾಬರಿಯಲ್ಲೂ ಒಲೆಯ ಮೇಲಿದ್ದ ಪಾತ್ರೆ ಬಿಟ್ಟಿರಲಿಲ್ಲ. ಮುಚ್ಚಳ ತೆಗೆದರೆ ಮೀನು ಸಾರು! ನಾನು ಹೆಂಡತಿಯ ಮುಖ ನೋಡಿದೆ. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಸದ್ದಾಮನ ಸೈನ್ಯಕ್ಕಿಂತ ನನಗೆ ಅವಳದೇ ಭಯ ಹೆಚ್ಚಾಗಿತ್ತು.

ಅವಳು ಎದ್ದು ಹೋಗಿ ಫಲಕದ ಮೇಲೆ ಬೆಡ್‌ಶೀಟ್ ಹೊದಿಸಿ ಕೈಮುಗಿದಳು. ಬಂದು ಸೌಟು ಹಿಡಿದು ಎಲ್ಲರಿಗೂ ಬಡಿಸಿದಳು. ನನಗೆ ದೊಡ್ಡ ತುಂಡು.

"ನಾಗನ ಹತ್ರ ತಪ್ಪಾಯ್ತು ಅಂತ ಹೇಳಿದ್ದೇನೆ. ತಿನ್ನಿ ನೀವು. ನಾಳೆ ನಾವು ಇರ್ತೇವೋ ಇಲ್ವೋ."

ಅಷ್ಟು ದಿನ ಬಾಯಿ ಬಿಟ್ಟುಕೊಂಡು ಕಾದಿದ್ದ ನಾನು ಆ ತುಂಡನ್ನು ಮುರಿದು ಅರ್ಧ ಅವಳ ಮುಂದಿಟ್ಟೆ.

ಹೇಗೋ ಊರು ಸೇರಿದೆವು. ಯುದ್ಧ ಮುಗಿದ ಮೇಲೆ, ೯೧ರಲ್ಲಿ, ನಾನೊಬ್ಬನೇ ವಾಪಸು ಬಂದೆ. ಸಾಹೇಬರೂ ಬಂದರು. ಫ್ರಿಜ್ಜು, ಮಂಚ ಎಲ್ಲ ಕಳವಾಗಿದ್ದವು, ಮಿಥ್ರಾಸನನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ನಮ್ಮ ಕಥೆ ಕೇಳಿ ಸಾಹೇಬರು ಕುಣಿದಾಡಿದರು. ಮಿಥ್ರಾಸನ ಗುಡಿಗಳೂ ನೆಲದಡಿಯಲ್ಲೇ ಇರುತ್ತಿದ್ದವಂತೆ. ಎರಡೂ ಬದಿಗೆ ಜಗಲಿ, ದೇವರ ಎದುರು ಒಟ್ಟಿಗೆ ಊಟ. ತಿಂದು ಎಸೆದ ಕೋಳಿ ಮೂಳೆಗಳು ಈಗಲೂ ಸಿಗುತ್ತವಂತೆ. ಆದರೆ ಹೆಂಗಸರಿಗೆ ಪ್ರವೇಶವಿರಲಿಲ್ಲ.

ಊರಿಗೆ ಫೋನ್ ಮಾಡಿ ಹೆಂಡತಿಗೆ ಎಲ್ಲವನ್ನೂ ಹೇಳಿದೆ.

"ಪಾಪ, ಆ ಸೈನಿಕರೂ ಮನೆ ಬಿಟ್ಟು ಬಂದವರು. ಬಡಿಸ್ಲಿಕ್ಕೂ ಯಾರೂ ಇರ್ಲಿಲ್ವಾ?"

ಅಂದು ನಾನೇ ಮಾಂಜಿ ತಂದು ಸಾರು ಮಾಡಿದ್ದೆ, ತಡೆಯುವವರು ಯಾರೂ ಇರಲಿಲ್ಲ. ಫೋನಿಟ್ಟು ಬಂದು ಬಟ್ಟಲಿಗೆ ನಾನೇ ಬಡಿಸಿಕೊಂಡು ಕುಳಿತೆ.